ಕಾಫಿ ತೊಳೆಯುವ ಯಂತ್ರ: ದುರಸ್ತಿಯೋ, ಹೊಸದೋ?

ಸುಗ್ಗಿ ಮುಗಿದು ಪಲ್ಪರ್ ಮನೆಯ ಬಾಗಿಲು ಹಾಕಿದ ಮೇಲೆ ಸಂಘದ ಕಚೇರಿಗೆ ಬರುವ ಸದಸ್ಯರು ಈಚೆಗೆ ಕೇಳುವ ಪ್ರಶ್ನೆ ಒಂದೇ: “ಮೆಷಿನ್ ಹೋಯ್ತು ಸ್ವಾಮಿ, ರಿಪೇರಿ ಮಾಡಿಸೋದೋ, ಹೊಸದು ತರೋದೋ?” ಕೇಳುವವರಲ್ಲಿ ಬಹುಪಾಲು ಐದು-ಹತ್ತು ಎಕರೆಯವರು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವೇ ಆಗಿರುವುದರಿಂದ ಇದು ನಮ್ಮ ಊರೊಂದರ ಪ್ರಶ್ನೆಯಲ್ಲ. ನಮ್ಮ ಸಂಘದ ವಾಷರ್ ಕೂಡ ಕಳೆದ ಸುಗ್ಗಿಯಲ್ಲಿ ಎರಡು ಸಲ ನಿಂತು ಸದಸ್ಯರ ಹಣ್ಣನ್ನು ಕಾಯಿಸಿತು. ಮುಂದಿನ ಮಹಾಸಭೆಯಲ್ಲಿ ಹೊಸ ಯಂತ್ರದ ವಿಷಯ ಬರಲಿರುವುದರಿಂದ ನಮ್ಮ ಅಭಿಪ್ರಾಯವನ್ನು ಈ ಪುಟದಲ್ಲಿ ಮುಚ್ಚುಮರೆಯಿಲ್ಲದೆ ಹೇಳುವುದು ಉಚಿತವೆಂದು ಭಾವಿಸಿದ್ದೇವೆ.

ಧಾರಣೆ ಚೆನ್ನಾಗಿರುವಾಗ ಹಳೆಯದೆಲ್ಲ ಕೆಟ್ಟದ್ದಾಗಿ ಕಾಣುವುದು ಸಹಜ. 2024ರಲ್ಲಿ ಲಂಡನ್ ಪೇಟೆಯಲ್ಲಿ ರೊಬಸ್ಟ ಟನ್ನಿಗೆ 5,000 ಡಾಲರ್ ದಾಟಿದ ಮೇಲೆ ಯಂತ್ರ ಮಾರುವವರು ತೋಟದ ಗೇಟಿನವರೆಗೆ ಬರತೊಡಗಿದ್ದಾರೆ. ಆದರೆ ನಮ್ಮಲ್ಲಿ ವಯಸ್ಸಾದವರಿಗೆ ಹಿಂದಿನದೂ ನೆನಪಿದೆ. 1994ರಲ್ಲಿ ಬ್ರೆಜಿಲ್ಲಿನ ತೋಟಗಳು ಕೊರೆಯುವ ಮಂಜಿಗೆ ಸುಟ್ಟು ಧಾರಣೆ ಏರಿದಾಗ ಸಾಲ ಮಾಡಿ ಯಂತ್ರ ಇಟ್ಟವರಿದ್ದರು. 2001-02ರ ಹೊತ್ತಿಗೆ ಧಾರಣೆ ಮೂವತ್ತು ವರ್ಷಗಳಲ್ಲಿ ಕಾಣದಷ್ಟು ಕೆಳಗೆ ಬಿತ್ತು. ಯಂತ್ರ ಉಳಿಯಿತು, ಕಂತೂ ಉಳಿಯಿತು. ಹೊಸದು ಬೇಡವೆಂದು ನಾವು ಹೇಳುತ್ತಿಲ್ಲ; ಧಾರಣೆಯ ಕಾರಣಕ್ಕೆ ಬೇಡ ಎನ್ನುತ್ತಿದ್ದೇವೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಾವು “ಮೆಷಿನ್” ಎಂದು ಒಟ್ಟಿಗೆ ಕರೆಯುವುದರಲ್ಲಿ ಇರುವುದು ಎರಡು ಯಂತ್ರ. ಪಲ್ಪರ್ ಹಣ್ಣಿನ ಸಿಪ್ಪೆ ಬಿಡಿಸುತ್ತದೆ. ವಾಷರ್ ಬೀಜಕ್ಕೆ ಅಂಟಿದ ಲೋಳೆಯನ್ನು ಉಜ್ಜಿ ತೊಳೆಯುತ್ತದೆ. ಒಂದು ಕೆಟ್ಟರೆ ಎರಡನ್ನೂ ಬದಲಿಸುವುದು ಎತ್ತು ಕುಂಟಿದರೆ ಗಾಡಿಯನ್ನೂ ಮಾರಿದ ಹಾಗೆ. ಎಷ್ಟೋ ಕಡೆ ಕೆಟ್ಟಿರುವುದು ಇವೆರಡೂ ಅಲ್ಲ, ಮೋಟಾರು. ಮಲೆನಾಡಿನ ವೋಲ್ಟೇಜಿಗೆ ಸುಟ್ಟ ಮೋಟಾರಿನ ಪಾಪವನ್ನು ಪಲ್ಪರಿನ ತಲೆಗೆ ಕಟ್ಟಬಾರದು.

ದುರಸ್ತಿಯ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಹೊಸದನ್ನೇ ಕೊಳ್ಳಿ ಎಂಬ ಸೂತ್ರ ಪೇಟೆಯಲ್ಲಿ ಚಾಲ್ತಿಯಲ್ಲಿದೆ. ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೆ ಅದು ಸರಿಯಿರಬಹುದು, ಅದು ವರ್ಷವೆಲ್ಲ ತಿರುಗುತ್ತದೆ. ನಮ್ಮದು ಸುಗ್ಗಿಯಲ್ಲಿ ಮಾತ್ರ. ದಿನಕ್ಕೆ 5 ಗಂಟೆಯಂತೆ 40 ದಿನ ಓಡಿದರೂ ವರ್ಷಕ್ಕೆ 200 ಗಂಟೆ. 20 ವರ್ಷಕ್ಕೆ 4,000 ಗಂಟೆ. ಆದ್ದರಿಂದ “ಇಪ್ಪತ್ತು ವರ್ಷವಾಯಿತು” ಎಂಬ ಮಾತಿನಲ್ಲಿ ಅರ್ಥ ಕಡಿಮೆ. ಓಡಿ ಸವೆದದ್ದಕ್ಕಿಂತ ಮಳೆಗಾಲದಲ್ಲಿ ಸುಮ್ಮನೆ ನಿಂತು ತುಕ್ಕು ಹಿಡಿದದ್ದೇ ಹೆಚ್ಚಿರುತ್ತದೆ. ಬೆಲ್ಟು ಬಿಚ್ಚಿ, ಹಾಪರಿನಲ್ಲಿ ಉಳಿದ ಸಿಪ್ಪೆ ತೆಗೆದು, ಬೇರಿಂಗಿಗೆ ಗ್ರೀಸು ಕೊಟ್ಟು ಮುಚ್ಚಿಟ್ಟವರ ಯಂತ್ರ ಬೇರೆ. ಕೊನೆಯ ದಿನದ ಹಣ್ಣು ಮುಗಿದೊಡನೆ ಸ್ವಿಚ್ ಆರಿಸಿ ಹೊರಟವರ ಯಂತ್ರ ಬೇರೆ.

ಹಾಗಾದರೆ ಯಾವುದನ್ನು ನೋಡಿ ತೀರ್ಮಾನಿಸಬೇಕು? ಇದಕ್ಕೆ ನಮಗೆ ಒಳ್ಳೆಯ ಉತ್ತರ ಸಿಕ್ಕಿದ್ದು ಕಾಫಿಯೇ ಬೆಳೆಯದ ಸೀಮೆಯಲ್ಲಿ. ಕಳೆದ ಬೇಸಿಗೆ ಸಂಘದ ಪಲ್ಪರಿನ ಒಡೆದ ಎರಕದ ಭಾಗವೊಂದನ್ನು ಗೋಣಿಯಲ್ಲಿ ಸುತ್ತಿಕೊಂಡು ಕೊಲ್ಹಾಪುರಕ್ಕೆ ಹೊರಟಿದ್ದೆವು. ಆ ಮಾದರಿಯ ತಯಾರಿಕೆ ನಿಂತು ಬಹಳ ಕಾಲವಾಗಿದೆ. ಕೊಲ್ಹಾಪುರದಲ್ಲಿ ಎರಕದ ಕಾರ್ಖಾನೆಗಳಿಗೆ ಕೊರತೆಯಿಲ್ಲ. ದಾರಿಯಲ್ಲಿ ಪುಣೆ ಹೆದ್ದಾರಿಯ ನಮ್ಮ ಗಡಿಯ ಊರು ಕೊಗನೊಳ್ಳಿಯಲ್ಲಿ ಚಹಾಕ್ಕೆ ಇಳಿದಾಗ ಸಕ್ಕರೆ ಕಾರ್ಖಾನೆಯ ಫಿಟ್ಟರ್ ಒಬ್ಬರ ಪರಿಚಯವಾಯಿತು. ಅದು ಕಬ್ಬಿನ ನಾಡು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಕಾರ್ಖಾನೆಗಳು ನಮ್ಮಂತೆಯೇ ಸಹಕಾರಿ ಸಂಸ್ಥೆಗಳು. ಹಂಗಾಮು ಮುಗಿದೊಡನೆ ಗಾಣವನ್ನು ಪೂರ್ತಿ ಬಿಚ್ಚುತ್ತಾರೆ. ರೋಲರುಗಳ ಸವೆದ ಗೀರುಗಳನ್ನು ಮತ್ತೆ ಕೊರೆಯುತ್ತಾರೆ. ಮೇಲಿನ ಕವಚ ತೀರ ಸವೆದಿದ್ದರೆ ಕವಚ ಮಾತ್ರ ಹೊಸದು, ಒಳಗಿನ ಶಾಫ್ಟು ಹಳೆಯದೇ. “ಗಾಣ ಕೆಟ್ಟದ್ದು ನಿಮಗೆ ಹೆಂಗ ಗೊತ್ತಾಗತೈತಿ?” ಎಂದು ನಾವೂ ಅವರ ಮಾತಿನಲ್ಲೇ ಕೇಳಿದೆವು. “ಸಪ್ಪಳಾ ಕೇಳೂದಿಲ್ರಿ ಸಾಹೇಬ್ರ, ಸಿಪ್ಪಿ ನೋಡ್ತೀವ್ರಿ” ಎಂದರು. ಹಿಂಡಿದ ಸಿಪ್ಪೆಯಲ್ಲಿ ಎಷ್ಟು ಸಕ್ಕರೆ ಉಳಿದುಹೋಯಿತೆಂದು ಅಲ್ಲಿಯ ಪ್ರಯೋಗಾಲಯದಲ್ಲಿ ದಿನವೂ ಅಳೆಯುತ್ತಾರೆ. ಆ ಅಂಕೆ ಏರಿತೆಂದರೆ ಗಾಣಕ್ಕೆ ಕೈ ಹಾಕುತ್ತಾರೆ.

ನಾವೂ ಸಿಪ್ಪೆಯ ರಾಶಿಯನ್ನು ನೋಡಬೇಕು. ಅದೇ ದಿನ ಕೊಯ್ದ, ಪೂರ್ತಿ ಹಣ್ಣಾದ, ತೇಲುಕಾಯಿ ತೆಗೆದ ಹಣ್ಣನ್ನು ಹಾಕಿ. ಕಾಯಿ ಬೆರೆಸಿ ಹಾಕಿ ಯಂತ್ರವನ್ನು ದೂರಿದರೆ ಪ್ರಯೋಜನವಿಲ್ಲ. ಸಿಪ್ಪೆಯ ಜೊತೆ ಬೀಜ ಹೋಗುತ್ತಿದೆಯೇ, ಬೀಜದ ಜೊತೆ ಸಿಪ್ಪೆ ಬಿಡದ ಹಣ್ಣು ಬರುತ್ತಿದೆಯೇ ನೋಡಿ. ಬಳಿಕ 500 ಬೀಜ ಎಣಿಸಿ, ಕತ್ತರಿಸಿದ್ದು, ಉಗುರು ತಾಗಿದಂತೆ ಗಾಯವಾದದ್ದು, ಪಾರ್ಚ್‌ಮೆಂಟ್ ಕಳಚಿ ಬರಿಮೈಯಾದದ್ದು ಎಷ್ಟೆಂದು ಬರೆದಿಡಿ. ಡಿಸ್ಕಿಗೂ ಚಾಪಿಗೂ ನಡುವಿನ ಅಂತರವನ್ನು ಹಣ್ಣಿನ ಗಾತ್ರಕ್ಕೆ ತಕ್ಕಂತೆ ತಿದ್ದಿ ಮತ್ತೊಮ್ಮೆ ಎಣಿಸಿ. “ಕೆಟ್ಟ” ಪಲ್ಪರುಗಳಲ್ಲಿ ಹಲವು ಇಷ್ಟಕ್ಕೇ ಸರಿಹೋಗುತ್ತವೆ.

ಈಗ ಹಣ್ಣೆಲ್ಲಿದೆ ಎನ್ನುತ್ತೀರಿ. ಹಣ್ಣಿಲ್ಲದಿದ್ದರೇನು, ಕ್ಯೂರಿಂಗ್ ವರ್ಕ್ಸಿನಿಂದ ಬಂದ ಔಟ್‌ಟರ್ನ್ ವರದಿಗಳು ಟ್ರಂಕಿನಲ್ಲಿ ಇದ್ದೇ ಇವೆ. ಮೂರು ವರ್ಷದ ವರದಿ ಪಕ್ಕಪಕ್ಕ ಇಟ್ಟು ತುಂಡು ಬೀಜ, ಕಪ್ಪು ಬೀಜದ ಸಾಲನ್ನು ಓದಿ. ಗಾಯವಾದ ಬೀಜ ತೊಟ್ಟಿಯಲ್ಲಿ ಹುಳಿತು ಬಣ್ಣಗೆಡುತ್ತದೆ, ಲೋಟದ ರುಚಿಯನ್ನೂ ಕೆಡಿಸುತ್ತದೆ. ಲೆಕ್ಕ ಹೀಗೆ: 1,000 ಕಿಲೋ ಅರೇಬಿಕ ಹಣ್ಣಿಗೆ ಸುಮಾರು 200 ಕಿಲೋ ಒಣ ಪಾರ್ಚ್‌ಮೆಂಟ್. ಸುಗ್ಗಿಗೆ 20 ಟನ್ ಹಣ್ಣು ಪಲ್ಪ್ ಮಾಡುವವರಿಗೆ 4,000 ಕಿಲೋ. ಅದರಲ್ಲಿ ನೂರಕ್ಕೆ 5 ಕತ್ತರಿಸಿಹೋದರೆ 200 ಕಿಲೋ, ಅಂದರೆ 50 ಕಿಲೋದ 4 ಮೂಟೆ. ಒಳ್ಳೆಯ ಬೀಜಕ್ಕೂ ತುಂಡು ಬೀಜಕ್ಕೂ ಇರುವ ಬೆಲೆಯ ಅಂತರದಿಂದ ಈ 4 ಮೂಟೆಯನ್ನು ಗುಣಿಸಿದರೆ ವರ್ಷಕ್ಕೆ ನಷ್ಟವೆಷ್ಟು, ದುರಸ್ತಿಗೆ ಎಷ್ಟು ಹಾಕಬಹುದು, ಎರಡೂ ತಿಳಿಯುತ್ತದೆ. ಕಾಫಿ ಮಂಡಳಿಯ ಪೂಲ್ ಇದ್ದ ಕಾಲ ಬೇರೆ. 1996ರಲ್ಲಿ ಮುಕ್ತ ಮಾರಾಟ ಪೂರ್ತಿ ಬಂದ ಮೇಲೆ ಈ ಲೆಕ್ಕವನ್ನು ಬೆಳೆಗಾರನೇ ಹಾಕಿಕೊಳ್ಳಬೇಕು.

ಪಲ್ಪರಿನಲ್ಲಿ ಸವೆಯುವುದು ಡಿಸ್ಕ್ ಅಥವಾ ಡ್ರಮ್ಮಿನ ಮೇಲಿನ ಗುಬುಟು ಹಾಳೆ, ಚಾಪು, ಬೇರಿಂಗು, ಬುಷ್ಷು. ಇವೆಲ್ಲ ಸವೆಯಲೆಂದೇ ಇರುವ ಭಾಗಗಳು. ಬದಲಿಸಿದರೆ ಪಲ್ಪರ್ ಮತ್ತೆ ಪಲ್ಪರೇ. ಶಾಫ್ಟು ಬಾಗಿ, ಎರಕದ ಚೌಕಟ್ಟು ಬಿರುಕು ಬಿಟ್ಟು, ಅದಕ್ಕೆ ವೆಲ್ಡಿಂಗಿನ ತೇಪೆ ಹಾಕಿಸಿ, ತೇಪೆಯೂ ಮತ್ತೆ ಬಿಟ್ಟಿದ್ದರೆ ಮಾತ್ರ ಅದಕ್ಕೆ ಕೈ ಮುಗಿಯಬಹುದು. ಅಡಿಕೆ ಸುಲಿಯುವ ಯಂತ್ರ ಇರುವವರಿಗೂ ಇದೇ ಮಾತು: ಬ್ಲೇಡು ಮೊಂಡಾಗಿ ಅಡಿಕೆಗೆ ಗೀರು ಬಿದ್ದರೆ ಬದಲಿಸಬೇಕಾದ್ದು ಬ್ಲೇಡು.

ವಾಷರಿನ ವಿಷಯದಲ್ಲಿ ಮಾತ್ರ ನಮ್ಮ ಅಭಿಪ್ರಾಯ ಬೇರೆ. ಇಲ್ಲಿ ದುರಸ್ತಿ, ಹೊಸದು ಎರಡನ್ನೂ ಬಿಟ್ಟ ಮೂರನೆಯ ದಾರಿಯೂ ಇದೆ. ಅರೇಬಿಕ ಮಾತ್ರ, ಅದೂ ಸ್ವಲ್ಪವೇ ಇರುವವರಿಗೆ ವಾಷರ್ ಬೇಕಾಗಿಯೇ ಇಲ್ಲ. ಸಿಮೆಂಟಿನ ತೊಟ್ಟಿಯಲ್ಲಿ 24ರಿಂದ 36 ಗಂಟೆ ಹುಳಿಯಲು ಬಿಟ್ಟು, ಹಿಡಿಯಲ್ಲಿ ಉಜ್ಜಿದಾಗ ಬೀಜ ಜಾರದೆ ಗರಗರ ಎಂದರೆ ತೊಳೆದುಬಿಡಬಹುದು. ಚಳಿ ಹೆಚ್ಚಿದ್ದರೆ ಇನ್ನೂ ಕೆಲವು ಗಂಟೆ. ರೊಬಸ್ಟದ ಲೋಳೆ ದಪ್ಪ, ಸುಲಭಕ್ಕೆ ಬಿಡುವುದಿಲ್ಲ. ಅದನ್ನು ಪಾರ್ಚ್‌ಮೆಂಟ್ ಮಾಡುವವರಿಗೆ ಯಂತ್ರವೇ ಅನುಕೂಲ. ಎರಡು-ಮೂರು ಎಕರೆಯವರು ಹಣ್ಣನ್ನು ಕಣದಲ್ಲಿ ಹಾಗೆಯೇ ಒಣಗಿಸಿ ಚೆರ್ರಿ ಮಾಡುವುದರಲ್ಲಿ ಅವಮಾನವೇನೂ ಇಲ್ಲ.

ವಾಷರಿನ ನಿಜವಾದ ಖರ್ಚು ನೀರು. ಕೊಲಂಬಿಯದ ಕಾಫಿ ಸಂಶೋಧನಾ ಕೇಂದ್ರ ಸೆನಿಕಫೆ 1990ರ ದಶಕದಲ್ಲಿ ರೂಪಿಸಿದ ಬೆಕಾಲ್ಸಬ್ ಪದ್ಧತಿಯಲ್ಲಿ ಒಂದು ಕಿಲೋ ಒಣ ಪಾರ್ಚ್‌ಮೆಂಟಿಗೆ ಒಂದು ಲೀಟರಿನಷ್ಟು ನೀರು ಸಾಕು. ಅಲ್ಲಿಯ ಹಳೆಯ ಪದ್ಧತಿಗೆ ಸುಮಾರು 40 ಲೀಟರ್ ಬೇಕಿತ್ತು. ತೊಳೆದ ಹುಳಿನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ. 1974ರ ಜಲಮಾಲಿನ್ಯ ಕಾಯಿದೆ ಅದನ್ನು ತಡೆಯುತ್ತದೆ. ಕಾಯಿದೆ ಇರಲಿ, ನಮ್ಮ ಹಳ್ಳದ ಕೆಳಗೆ ಇನ್ನೊಬ್ಬ ಸದಸ್ಯನ ಮನೆಯೇ ಇದೆ. ಹೆಚ್ಚು ನೀರು ಕುಡಿಯುವ ಹಳೆಯ ವಾಷರಿಗೆ ದುಡ್ಡು ಸುರಿದರೆ ಹೊಂಡಕ್ಕೂ ಸುಣ್ಣಕ್ಕೂ ಮತ್ತೆ ಸುರಿಯುತ್ತಲೇ ಇರಬೇಕು.

ಆದ್ದರಿಂದ ಮಹಾಸಭೆಗೆ ನಮ್ಮ ಸಲಹೆ: ಸಂಘದ ಪಲ್ಪರಿಗೆ ಹೊಸ ಹಾಳೆ, ಹೊಸ ಬೇರಿಂಗು ಹಾಕಿಸಿ ಉಳಿಸಿಕೊಳ್ಳೋಣ. ಶಾಫ್ಟು ಬಾಗಿರುವ ವಾಷರನ್ನು ತೆಗೆದು ಕಡಿಮೆ ನೀರಿನದನ್ನು ತರೋಣ, ಆದರೆ ಷರತ್ತಿನ ಮೇಲೆ. ಜುಲೈ ತಿಂಗಳಲ್ಲಿ ಖಾಲಿ ಯಂತ್ರ ತಿರುಗಿಸಿ ತೋರಿಸಿ ಪೂರ್ತಿ ಹಣ ಕೇಳುವವರಿಗೆ ಆರ್ಡರ್ ಬೇಡ. ನಮ್ಮ ಹಣ್ಣಿನಲ್ಲಿ, ನಮ್ಮ ವೋಲ್ಟೇಜಿನಲ್ಲಿ ಓಡಿಸಿ ತೋರಿಸುವವರೆಗೆ ಒಂದು ಪಾಲು ಹಣ ಸಂಘದಲ್ಲೇ ಇರಲಿ. ಡಿಸೆಂಬರಿನಲ್ಲಿ ಯಂತ್ರ ನಿಂತರೆ ಎಷ್ಟು ದಿನದೊಳಗೆ ಮೆಕ್ಯಾನಿಕ್ ಬರುತ್ತಾನೆಂಬುದು ಕಾಗದದ ಮೇಲೆ ಬರಲಿ. ಕೊಯ್ದ ಹಣ್ಣು ಮರುದಿನಕ್ಕೆ ಕಾಯುವುದಿಲ್ಲ. ಸಹಾಯಧನದ ಬಗ್ಗೆ ಕಾಫಿ ಮಂಡಳಿಯ ಸಂಪರ್ಕಾಧಿಕಾರಿಗಳನ್ನು ಕೊಳ್ಳುವ ಮುನ್ನವೇ ವಿಚಾರಿಸುತ್ತೇವೆ.

ಇನ್ನೊಂದು ವಿಷಯ. ಕೊಲ್ಹಾಪುರದಲ್ಲಿ ಮಾಡಿಸಿದ ಮರದ ಅಚ್ಚು ಸಂಘದಲ್ಲಿದೆ. ಒಂದೇ ಬಿಡಿಭಾಗಕ್ಕಾಗಿ ಎರಕ ಹೊಯ್ಯಲು ಕಾರ್ಖಾನೆಯವರು ಮುಖ ಸಿಂಡರಿಸುತ್ತಾರೆ, ಹತ್ತಿದ್ದರೆ ಬೆಲೆಯೂ ಇಳಿಯುತ್ತದೆ. ಅದೇ ಹಳೆಯ ಮಾದರಿಯ ಪಲ್ಪರ್ ಇರುವ ಸದಸ್ಯರು ಮಳೆ ಹಿಡಿಯುವ ಮುನ್ನ ಸಂಘಕ್ಕೆ ಬಂದು ಅಳತೆ ಹೋಲಿಸಿ ಹೆಸರು ಬರೆಸಬೇಕು.