ಬಾಗಿಲ ದಿಕ್ಕು, ಕೇರಿಯ ನೆಲ

ಸಂಡೂರಿನ ಗಣಿಯೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ನಮ್ಮ ತಂಗಿಯ ಮಗನು ಕಳೆದ ಚೈತ್ರಮಾಸದಲ್ಲಿ ನಮ್ಮಲ್ಲಿಗೆ ಬಂದಿದ್ದನು. ಕುಶಲಪ್ರಶ್ನೆಗಳಾದ ಮೇಲೆ, "ಮಾವ, ಹೊಸಪೇಟೆಯಾಗ ಒಂದು ಸೈಟು ನೋಡೀನಿ. ಪೂರ್ವಕ್ಕ ಬಾಗಿಲು ಬರ್ತೈತಿ. ನೀವೊಮ್ಮೆ ನೋಡಿ ಹೂಂ ಅಂದ್ರ ಮುಂಗಡ ಕೊಟ್ಟುಬಿಡ್ತೀನಿ" ಎಂದನು. ಪೂರ್ವಕ್ಕೆ ಬಾಗಿಲು ಎಂಬ ಆ ಮಾತು ನಮಗೆ ಮುಳ್ಳಿನಂತೆ ಚುಚ್ಚಿತು. ಏಕೆಂದರೆ ಅದೇ ಮಾತನ್ನು ನಾವೇ ಹಿಂದೊಮ್ಮೆ ಮತ್ತೊಬ್ಬರಿಗೆ ಹೇಳಿ ಒಂದು ಸಂಸಾರವನ್ನು ಹನ್ನೊಂದು ವರ್ಷ ಕಷ್ಟಕ್ಕೆ ಗುರಿಮಾಡಿದ್ದೆವು. ಅದನ್ನು ಈ ಪುಟದಲ್ಲಿ ಎಂದೂ ಬರೆದಿರಲಿಲ್ಲ. ಮನೆ ಕೊಳ್ಳುವ ವಿಚಾರವಾಗಿ ಬಂಧುಗಳು ಆಗಾಗ ನಮ್ಮನ್ನು ಕೇಳುತ್ತಿರುವುದರಿಂದ ಈಗ ಬರೆಯುವುದು ಉಚಿತವೆಂದು ತೋರುತ್ತದೆ.

1997ರ ಮಾತು. ನಮ್ಮ ತಮ್ಮನು ಶಾಲಾ ಉಪಾಧ್ಯಾಯನು. ಭವಿಷ್ಯನಿಧಿಯಿಂದ ತೆಗೆದ ಹಣಕ್ಕೆ ಒಂದಿಷ್ಟು ಸಾಲ ಕೂಡಿಸಿ ಹೊಸಪೇಟೆಯ ಅಂಚಿನಲ್ಲಿ ನಿವೇಶನವೊಂದನ್ನು ಗೊತ್ತುಮಾಡಿದ್ದನು. ಅದು ಹಿಂದೆ ಬಾಳೆಯ ತೋಟವಾಗಿದ್ದ ಭೂಮಿ. ಮೇಲ್ಗಡೆ ಕೂಗಳತೆಯಲ್ಲಿ ಕಾಲುವೆ. ನಾವು ಹೋಗಿ ನೋಡಿದ್ದು ಕಡುಬೇಸಿಗೆಯಲ್ಲಿ, ದುರಸ್ತಿಗೆಂದು ಕಾಲುವೆಯ ನೀರನ್ನು ನಿಲ್ಲಿಸಿದ್ದ ದಿನಗಳಲ್ಲಿ. ನೆಲವು ಕಲ್ಲಿನಂತೆ ಒಣಗಿತ್ತು. ನಾವು ದಿಕ್ಕನ್ನು ನೋಡಿದೆವು, ಪಂಚಾಂಗವನ್ನು ತಿರುವಿದೆವು, "ಒಳ್ಳೆಯ ಜಾಗ, ತೆಗೆದುಕೊ" ಎಂದೆವು. ಮಠದ ಪಾಠಶಾಲೆಯಲ್ಲಿ ಹದಿನಾಲ್ಕು ವರ್ಷ ಓದಿ, ಶರಣರಿಗೆ ದಿಕ್ಕುದೆಸೆಗಳ ಭಯವಿಲ್ಲವೆಂದು ಊರೂರುಗಳಲ್ಲಿ ಉಪನ್ಯಾಸ ಕೊಟ್ಟ ನಾವೇ ಹೀಗೆ ಮಾಡಿದೆವು.

ಗೃಹಪ್ರವೇಶವಾದ ಮೊದಲ ಶ್ರಾವಣದಲ್ಲೇ ಗೋಡೆಗೆ ಗೇಣೆತ್ತರದವರೆಗೆ ತೇವವೇರಿತು. ಅಡುಗೆಮನೆಯ ನೆಲ ಬೆವರಿತು. ಮೂಲೆಯಲ್ಲಿಟ್ಟ ಜೋಳದ ಚೀಲಕ್ಕೆ ಬೂಷ್ಟು ಹಿಡಿಯಿತು. ನಮ್ಮ ತಾಯಿಯವರು ಮೊಣಕಾಲ ನೋವಿನಿಂದ ನೆಲಕ್ಕೆ ಕಾಲಿಡಲಾರದೆ ಮಂಚದ ಮೇಲೆಯೇ ದಿನ ಕಳೆದರು. ಒಮ್ಮೆ ಹೋದಾಗ ತಮ್ಮನ ಮಡದಿಯು ನೆಲ ಒರೆಸುತ್ತಿದ್ದವಳು ತಲೆಯೆತ್ತದೆಯೇ, "ಭಾವನೋರೆ, ನೀವು ಬಾಗಿಲ ದಿಕ್ಕು ನೋಡಿದಿರಿ, ನೆಲ ನೋಡಲಿಲ್ಲ" ಎಂದಳು. ಮತ್ತೆಂದೂ ಆ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ನಮಗೆ ಹಗುರವಾಗುತ್ತಿತ್ತೇನೋ. ಹನ್ನೊಂದನೆಯ ವರ್ಷ ಆ ಮನೆಯನ್ನು ಮಾರಿದರು. ಕೊಳ್ಳುವವರಿಗೆ ತೇವದ ಸಂಗತಿಯನ್ನು ತಿಳಿಸಿಯೇ ಮಾರಿದ್ದರಿಂದ ಹಾಕಿದ ಹಣವೂ ಪೂರ್ಣವಾಗಿ ಕೈಗೆ ಬರಲಿಲ್ಲ.

ಹೊಸಪೇಟೆಯ ನೆಲವನ್ನು ಅರಿಯಬೇಕಾದರೆ ಅದರ ಹುಟ್ಟನ್ನು ಸ್ವಲ್ಪ ನೆನೆಯಬೇಕು. ಇದು ಕೃಷ್ಣದೇವರಾಯನು ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ಹೊಸ ಪಟ್ಟಣ. ನಾಗಲಾಪುರವೆಂದು ಅದರ ಹಳೆಯ ಹೆಸರು. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಈ ಪಟ್ಟಣದಿಂದ ರಾಜಧಾನಿಯವರೆಗಿನ ಅಗಲವಾದ ಬೀದಿಯನ್ನೂ, ಅದರ ಎರಡು ಬದಿಯ ಮನೆ ಅಂಗಡಿಗಳ ಸಾಲನ್ನೂ, ನಡೆಯುವವರಿಗೆ ನೆರಳಾಗಲೆಂದು ಅರಸನು ನೆಡಿಸಿದ ಮರಗಳನ್ನೂ ಬಣ್ಣಿಸಿದ್ದಾನೆ. ಮನೆಯ ಸಮೀಪದಲ್ಲಿ ಅಂಗಡಿ, ನಡೆದುಹೋಗುವ ದಾರಿಗೆ ನೆರಳು: ಐದುನೂರು ವರ್ಷಗಳ ಹಿಂದೆ ಊರು ಕಟ್ಟಿದವರಿಗೆ ಈ ಎರಡು ತಿಳಿದಿದ್ದವು. ಇಂದು ಹೊಸ ಬಡಾವಣೆಗಳಿಗೆ ಹೋಗಿ ನೋಡಿರಿ: ಕಮಾನು ಇರುತ್ತದೆ, ಬಣ್ಣದ ಧ್ವಜಗಳಿರುತ್ತವೆ, ಒಂದು ಬೇವಿನ ಗಿಡವಿರುವುದಿಲ್ಲ.

ವಿಜಯನಗರದ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆಗಳು ಇಂದಿಗೂ ಈ ಊರಿನ ಮೂಲಕ ಹರಿಯುತ್ತವೆ. ಅವುಗಳ ಕೆಳಗಿನ ಕಬ್ಬು ಬಾಳೆಗಳ ಭೂಮಿಯೇ ಇತ್ತೀಚೆಗೆ ನಿವೇಶನಗಳಾಗಿ ತುಂಡಾಗುತ್ತಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆಯು ಅದರ ಕೇಂದ್ರವಾದ ಮೇಲೆ ಈ ವೇಗ ಹೆಚ್ಚಿತು. ತಲೆಮಾರುಗಳಿಂದ ನೀರುಂಡ ನೆಲ ಅದು. ಮೇಲೆ ನಾಲ್ಕು ಗಾಡಿ ಗರಸು ಹೊಡೆದ ಮಾತ್ರಕ್ಕೆ ತನ್ನ ಸ್ವಭಾವವನ್ನು ಬಿಡುವುದಿಲ್ಲ. ಆದಕಾರಣ ಕಾಲುವೆಯ ಕೆಳಗಿನ ನಿವೇಶನವನ್ನು ಕಾಲುವೆ ತುಂಬಿ ಹರಿಯುವಾಗಲೇ ನೋಡಬೇಕು. ನೆರೆಮನೆಯ ಗೋಡೆಯ ಬುಡವನ್ನು ನೋಡಬೇಕು. ಸಮೀಪದಲ್ಲಿ ಬಾವಿಯಿದ್ದರೆ ಅದರ ನೀರು ಎಷ್ಟು ಮೇಲಿದೆಯೆಂದು ಇಣುಕಬೇಕು. ಇದಕ್ಕೆ ಶಾಸ್ತ್ರಪಾಂಡಿತ್ಯ ಬೇಕಾಗಿಲ್ಲ.

ಇನ್ನು ನಮ್ಮ ಅಳಿಯನ ವಿಚಾರ. ಅವನು ಸಂಡೂರನ್ನು ಬಿಡಲು ಕಾರಣ ಅವನ ತಾಯಿ, ಎಂದರೆ ನಮ್ಮ ತಂಗಿ. ಆಕೆಗೆ ಉಬ್ಬಸ. ಅವರ ಬಾಡಿಗೆಯ ಮನೆಯಿರುವುದು ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲಿ. ಬೆಳಗ್ಗೆ ಒಣಹಾಕಿದ ಬಿಳಿಯ ಬಟ್ಟೆ ಸಂಜೆಗೆ ಕಾವಿಯಾಗುತ್ತದೆ. ಸಂಡೂರಿನ ಬೆಟ್ಟಗಳಷ್ಟು ಚೆಲುವಾದ ಸ್ಥಳ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಮಳೆಗಾಲದಲ್ಲಿ ಕುಮಾರಸ್ವಾಮಿ ಬೆಟ್ಟವನ್ನು ಕಂಡವರು ಮಲೆನಾಡನ್ನು ಮರೆಯುತ್ತಾರೆ. ಆದರೆ ಮನೆ ಕೊಳ್ಳುವವನು ಬೆಟ್ಟವನ್ನು ನೋಡುವ ಮೊದಲು ರಸ್ತೆಯನ್ನು ನೋಡಬೇಕು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ, ಧೂಳು ಇನ್ನು ಮುಗಿಯಿತೆಂದು ಭಾವಿಸಿ ಆ ರಸ್ತೆಗಳ ಬದಿಯಲ್ಲಿ ಮನೆ ಕಟ್ಟಿದವರನ್ನು ನಾವು ಬಲ್ಲೆವು. 2013ರಲ್ಲಿ ನ್ಯಾಯಾಲಯವೇ ನಿಯಮಗಳಿಗೊಳಪಡಿಸಿ ಗಣಿಗಳನ್ನು ಮತ್ತೆ ತೆರೆಯಗೊಟ್ಟಿತು. 2022ರಲ್ಲಿ ಬಳ್ಳಾರಿ ಜಿಲ್ಲೆಯ ವಾರ್ಷಿಕ ಮಿತಿಯನ್ನು 28 ದಶಲಕ್ಷ ಟನ್ನಿನಿಂದ 35 ದಶಲಕ್ಷ ಟನ್ನಿಗೆ ಏರಿಸಿತು. ಅನ್ನ ಕೊಡುವ ಗಣಿಯನ್ನು ನಾವು ಹಳಿಯುತ್ತಿಲ್ಲ; ನಮ್ಮ ಅಳಿಯನ ಮನೆಯ ಒಲೆಯೂ ಅದರಿಂದಲೇ ಉರಿಯುತ್ತದೆ. ಲಾರಿ ನಿಂತಿದ್ದ ಕಾಲವನ್ನು ಕಂಡು ಮನೆ ಕೊಂಡರೆ, ಕಾಲುವೆ ನಿಂತಿದ್ದ ಕಾಲದಲ್ಲಿ ನಾವು ನಿವೇಶನ ಕಂಡಂತೆಯೇ ಆಗುತ್ತದೆ.

ಮೊದಲು ಅವನ ಮನಸ್ಸು ಕಂಪ್ಲಿಯ ಕಡೆಗೂ ಓಡಿತ್ತು. ಅವನ ಹೆಂಡತಿಯ ತವರು ಅಲ್ಲಿಗೆ ಸಮೀಪ. ಬೆಲೆಯೂ ಹೊಸಪೇಟೆಗಿಂತ ಎಷ್ಟೋ ಕಡಿಮೆ. ಊರು ಒಳ್ಳೆಯದು, ಜನ ಒಳ್ಳೆಯವರು. ಆದರೆ ತುಂಗಭದ್ರೆಯು ತುಂಬಿ, ಜಲಾಶಯದಿಂದ ಅಧಿಕ ನೀರು ಬಿಟ್ಟ ವರ್ಷಗಳಲ್ಲಿ ಗಂಗಾವತಿಗೆ ಹೋಗುವ ಸೇತುವೆಯು ಮುಳುಗುತ್ತದೆ; ಕೋಟೆಯ ಕಡೆಯ ತಗ್ಗಿನ ಮನೆಗಳಲ್ಲಿ ಗಂಟುಮೂಟೆ ಕಟ್ಟುವ ಕಾಲ ಬರುತ್ತದೆ. ಆಚೆ ದಡದ ಶಾಲೆ ಕಾಲೇಜುಗಳಿಗೆ ಹೋಗುವ ಮಕ್ಕಳು ಬುಕ್ಕಸಾಗರ-ಕಡೇಬಾಗಿಲು ಸೇತುವೆಯ ದಾರಿ ಹಿಡಿದು ಸುತ್ತಬೇಕು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ತೂಬಿನ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ತಾತ್ಕಾಲಿಕ ತಡೆಯನ್ನು ಇಳಿಸುವವರೆಗೆ ಹೊಳೆಯ ದಂಡೆಯವರು ನಿದ್ದೆಗೆಟ್ಟದ್ದನ್ನು ನಾವು ಕೇಳಿ ಬಲ್ಲೆವು. ಕಂಪ್ಲಿಯಲ್ಲಿ ಮನೆ ಮಾಡಬಾರದೆಂದು ನಾವು ಹೇಳುವುದಿಲ್ಲ. ಹೊಳೆಯು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಆ ಕೇರಿಯ ಮುದುಕಿಯರನ್ನು ಕೇಳಿ, ಅದಕ್ಕಿಂತ ಎತ್ತರದಲ್ಲಿ ಮಾಡಬೇಕು.

ಮತ್ತೊಬ್ಬ ದಲ್ಲಾಳಿಯು ಹಂಪಿಯ ಸಮೀಪದಲ್ಲಿ ಜಾಗವನ್ನು ತೋರಿಸಿ, "ಮುಂದೆ ಬಂಗಾರವಾಗುತ್ತದೆ" ಎಂದನಂತೆ. ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿ 29 ಹಳ್ಳಿಗಳಿವೆ. ಅಲ್ಲಿ ಕಟ್ಟಡಕ್ಕೆ ಪ್ರಾಧಿಕಾರದ ಒಪ್ಪಿಗೆ ಬೇಕು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಹಂಪಿಯ ಬಜಾರಿನ ಮಂಟಪಗಳಲ್ಲಿ ವರ್ಷಾನುವರ್ಷ ಬಾಳಿದ ಸಂಸಾರಗಳ ಮನೆಗಳು ಒಡೆದುಬಿದ್ದುದು ಗಣಿ ನಿಂತ ಆ ದಿನವೇ, 2011ರ ಜುಲೈ 29. ಅವರಿಗೆ ಬದಲಿ ಜಾಗವೆಂದು ತೋರಿಸಿದ್ದು ಕಡ್ಡಿರಾಂಪುರದಲ್ಲಿ. ಸ್ಮಾರಕ ಉಳಿಯಬೇಕೆಂಬುದು ಸರಿ. ಒಲೆ ಕೆಡವಿಸಿಕೊಂಡ ಹೆಂಗಸಿನ ದುಃಖವೂ ಸುಳ್ಳಲ್ಲ. ಹಣವಿಟ್ಟು ಲಾಭಕ್ಕೆ ಕಾಯುವವರ ಮಾತು ಬೇರೆ. ಸಂಸಾರ ಹೂಡುವವರು ಅನುಮತಿ ಕೈಗೆ ಬಾರದೆ ಅಲ್ಲಿ ಒಂದು ರೂಪಾಯಿಯನ್ನೂ ಕೊಡಬಾರದು.

ಹೀಗಾಗಿ ಹೊಸಪೇಟೆಯೇ ಉಳಿಯಿತು. ನಾವು ಅಳಿಯನಿಗೆ ಒಂದು ಷರತ್ತು ಹಾಕಿದೆವು: "ನೀನೊಬ್ಬನೇ ಬರಬೇಡ, ನಿನ್ನ ಹೆಂಡತಿಯನ್ನೂ ತಾಯಿಯನ್ನೂ ಕರೆದುಕೊಂಡು ಬಾ." ಗಂಡಸು ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟವನು ರಾತ್ರಿ ಎಂಟಕ್ಕೆ ಬರುತ್ತಾನೆ. ಆ ಕೇರಿಯಲ್ಲಿ ದಿನವಿಡೀ ಬಾಳುವವರು ಹೆಂಗಸರು, ಮಕ್ಕಳು, ಮುದುಕರು. ಅವರು ಕಾಣದ ಮನೆಯನ್ನು ಗಂಡಸು ಕೊಳ್ಳುವುದು ನಮ್ಮ ಸಮಾಜದಲ್ಲಿ ಇನ್ನೂ ನಡೆದುಬಂದಿರುವ ಒಂದು ಅವಿವೇಕ.

ನಾಲ್ಕು ಭಾನುವಾರ ಅಲೆದೆವು. ಪಟೇಲ್ ನಗರ, ಅಮರಾವತಿ, ಚಿತ್ತವಾಡ್ಗಿ, ಅನಂತಶಯನಗುಡಿಯ ಕಡೆ. ಟಿ.ಬಿ. ಡ್ಯಾಮಿನ ವಸಾಹತಿನಲ್ಲಿ ನಮ್ಮ ತಂಗಿ ಮರದ ನೆರಳಿಗೆ ಕುಳಿತು, "ಅಣ್ಣಾ, ಇಲ್ಲೇ ಒಂದು ಮನೆ ಸಿಗಲ್ಲೇನು?" ಎಂದು ಕೇಳಿದಳು. ಅಣೆಕಟ್ಟಿನ ನೌಕರರಿಗಾಗಿ ಕಟ್ಟಿದ ವಸತಿಗಳವು, ಕೊಳ್ಳುವಂಥವಲ್ಲ ಎಂದಾಗ ಆಕೆಗೆ ನಿರಾಶೆಯಾಯಿತು. ಅಳಿಯನ ಹೆಂಡತಿಯಂತೂ ಎಲ್ಲಿ ಹೋದರೂ ಮೊದಲು ಹೋದದ್ದು ನಲ್ಲಿಯ ಬಳಿಗೆ. ನೀರು ಎಷ್ಟು ದಿನಕ್ಕೊಮ್ಮೆ, ಹಗಲೋ ನಡುರಾತ್ರಿಯೋ, ಚರಂಡಿ ಎಲ್ಲಿಗೆ ಸೇರುತ್ತದೆ, ಟ್ಯೂಷನ್ನಿನಿಂದ ಹೆಣ್ಣುಮಗು ಏಳು ಗಂಟೆಗೆ ಒಬ್ಬಳೇ ನಡೆದು ಬರಬಹುದೆ, ದಾರಿಯಲ್ಲಿ ಹೆಂಡದಂಗಡಿ ಉಂಟೆ, ರಾತ್ರಿ ಅತ್ತೆಗೆ ಉಸಿರು ಕಟ್ಟಿದರೆ ಆಸ್ಪತ್ರೆಗೆ ಹೋಗುವಾಗ ರೈಲ್ವೆ ಗೇಟು ಅಡ್ಡ ಬರುತ್ತದೆಯೆ. ನಾಲ್ಕು ಶಾಸ್ತ್ರಗಳನ್ನೋದಿದ ನಮಗೆ ಈ ಪ್ರಶ್ನೆಗಳಲ್ಲೊಂದೂ 1997ರಲ್ಲಿ ಹೊಳೆದಿರಲಿಲ್ಲ.

ಅಳಿಯನು ಮಾತ್ರ ಹೋದಲ್ಲೆಲ್ಲ, "ನಮ್ಮವರ ಮನೆ ಎಷ್ಟದಾವ್ರೀ ಇಲ್ಲಿ?" ಎಂದು ಕೇಳುತ್ತಿದ್ದನು. ಕೇಳುವುದು ತಪ್ಪೆನ್ನಲಾರೆವು, ಹಬ್ಬಹುಣ್ಣಿಮೆಗೆ ಬಳಗ ಬೇಕು. ಆದರೆ ತಮ್ಮನ ಆ ತೇವದ ಮನೆಗೆ ಒಂದು ರಾತ್ರಿ ನೀರು ನುಗ್ಗಿದಾಗ ಜೋಳದ ಚೀಲಗಳನ್ನು ಹೊತ್ತು ಅಟ್ಟಕ್ಕೇರಿಸಿದವನು ಹಿಂದಿನ ಮನೆಯ ಮುಸಲ್ಮಾನ ಲಾರಿ ಚಾಲಕ. ನಮ್ಮ ತಾಯಿಯವರನ್ನು ಎತ್ತಿಕೊಂಡು ಹೊರಗೆ ತಂದವನೂ ಅವನೇ. ಅದೇ ಸಾಲಿನಲ್ಲಿದ್ದ ನಮ್ಮವರು ಮರುದಿನ ಬೆಳಗ್ಗೆ ಬಂದು ವಿಚಾರಿಸಿಕೊಂಡು ಹೋದರು. ಅಳಿಯನಿಗೆ ಇದನ್ನು ಹೇಳಿದಾಗ ಅವನು ಸುಮ್ಮನಾದನು.

ಕಾಗದಪತ್ರಗಳ ಮಾತನ್ನು ವಕೀಲರಿಗೆ ಬಿಡುವುದೇ ಲೇಸು. ಮನೆಯ ಬೆಲೆಯ ಮುಂದೆ ಅವರ ಶುಲ್ಕ ಏನೂ ಅಲ್ಲ. ಆದರೂ ಕೆಲವನ್ನು ಮನೆಯವರೇ ಕೇಳಿ ಪಡೆಯಬೇಕು: ಮೂಲಪತ್ರ, ಮೂವತ್ತು ವರ್ಷದ ಋಣಭಾರ ಪತ್ರ, ಕೃಷಿಭೂಮಿಯನ್ನು ಪರಿವರ್ತಿಸಿದ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಬಡಾವಣೆಯ ನಕ್ಷೆ, ನಗರಸಭೆಯ ಇ-ಖಾತೆ. ನಕ್ಷೆಯಲ್ಲಿ ಉದ್ಯಾನವೆಂದಿರುವ ಜಾಗಕ್ಕೆ ಹೋಗಿ ನಿಂತು ನೋಡಬೇಕು. ಕೆಲವೆಡೆ ಅಲ್ಲಿ ಮನೆ ಎದ್ದಿರುತ್ತದೆ. ಬಡಾವಣೆ 500 ಚದರ ಮೀಟರಿಗೆ ಮೀರಿದ್ದಾದರೆ 2016ರ ರೇರಾ ಕಾಯಿದೆಯಂತೆ ನೋಂದಣಿಯಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಆ ಭೂಮಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ್ದೇ ಎಂಬ ವಿಚಾರಣೆ. ಅಂಥ ಭೂಮಿಯನ್ನು ಸರಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯ ನಿಲ್ಲುವುದಿಲ್ಲ. ಆ ಕಾಯಿದೆಯ ಮೊರೆಹೋಗಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿಯು ಹೇಳುತ್ತದೆ. ಬಡವನ ಭೂಮಿಯನ್ನು ಅಗ್ಗಕ್ಕೆ ಕೊಂಡು ಅದರ ಮೇಲೆ ದೇವರಮನೆ ಕಟ್ಟುವುದು ಕಾಯಿದೆಯಿಲ್ಲದಿದ್ದರೂ ಸಲ್ಲದು.

ಅಳಿಯನು ತೋರಿಸಿದ ಆ ಪೂರ್ವದ ಬಾಗಿಲಿನ ನಿವೇಶನಕ್ಕೆ ಕೊನೆಯ ಭಾನುವಾರ ಹೋದೆವು. ಅದೂ ಕಾಲುವೆಯ ಕೆಳಗೇ ಇತ್ತು. ಅವನು ನಮಗೆ ಹೇಳದೆಯೇ ಅಷ್ಟರಲ್ಲಿ ಐವತ್ತು ಸಾವಿರ ಮುಂಗಡ ಕೊಟ್ಟಿದ್ದನು. ಪಕ್ಕದ ಮನೆಯ ಅಜ್ಜಿಯೊಡನೆ ಸೊಸೆ ಹತ್ತು ನಿಮಿಷ ಮಾತನಾಡಿ ಬಂದು, "ಆ ದುಡ್ಡು ಹೋದರ ಹೋಗಲಿ, ಈ ನೆಲ ಬ್ಯಾಡ" ಎಂದಳು. ನಾವು ಅವಳ ಪರವಾಗಿ ನಿಂತೆವು. ಅಳಿಯನಿಗೆ ಕೋಪ ಬಂದಿತು. ಹದಿನೈದು ದಿನ ನಮಗೆ ಫೋನು ಮಾಡಲಿಲ್ಲ. ಮುಂಗಡದಲ್ಲಿ ಅರ್ಧ ಮಾತ್ರ ಹಿಂದಿರುಗಿತು.

ಈಗ ಅವರು ಏರಿನ ಮೇಲಿನ ಹಳೆಯ ಕೇರಿಯೊಂದರಲ್ಲಿ ಬಾಡಿಗೆಗೆ ಬಂದಿದ್ದಾರೆ. ಅದೇ ಸಾಲಿನಲ್ಲಿ ಪಶ್ಚಿಮಕ್ಕೆ ಬಾಗಿಲಿರುವ ಸಣ್ಣ ಮನೆಯೊಂದು ಮಾರಾಟಕ್ಕಿದೆ. ಒಂದು ಮಳೆಗಾಲ ಕಳೆಯಲಿ, ಆಮೇಲೆ ಮಾತನಾಡೋಣವೆಂದು ಮನೆಯ ಒಡೆಯರಿಗೆ ಸೊಸೆಯೇ ಹೇಳಿ ಬಂದಿದ್ದಾಳೆ. ಕಾಲುವೆಗೆ ನೀರು ಬಿಟ್ಟ ಮೇಲೆ ಗೋಡೆಯ ಬುಡ ನೋಡಿ ಕಾಗದ ಬರೆಯುತ್ತಾಳಂತೆ. ನಮ್ಮ ತಮ್ಮನ ಮಡದಿಯನ್ನೂ ಒಮ್ಮೆ ಕರೆತಂದು ಆ ಮನೆ ತೋರಿಸಬೇಕೆಂದು ನಾವು ಹೇಳಿದ್ದೇವೆ.