ಉಕ್ಕಿನ ಕೋಟೆಗೆ ಮಳೆಹನಿಯ ಮುತ್ತಿಗೆ

ಗುಂಡು ತೂರದ ಕಡೆ ನೀರು ತೂರುತ್ತದೆ. ಸೈನ್ಯದಿಂದ ನಿವೃತ್ತವಾದ ಕವಚವಾಹನವೊಂದನ್ನು ಕೊಂಡು ಅಂಗಳದಲ್ಲಿ ನಿಲ್ಲಿಸಿಕೊಂಡ ಹವ್ಯಾಸಿಯು ಮೊದಲ ಚಳಿಗಾಲದಲ್ಲಿಯೇ ಕಲಿಯುವ ಪಾಠ ಇದು. ಶತ್ರುವಿನ ಬಂದೂಕಿಗೆ ಎದೆಯೊಡ್ಡಲೆಂದು ಕಟ್ಟಿದ ಉಕ್ಕಿನ ಗೋಡೆ ಒಂದು ರಾತ್ರಿಯ ಜಡಿಮಳೆಗೆ ಸೋತಿತೆಂದರೆ ಕೇಳಿದವರಿಗೆ ನಗು ಬಂದೀತು. ಬೆಳಗಾಗ ಮುಚ್ಚಳ ತೆರೆದು, ಒಳಗೆ ಪಾದ ಮುಳುಗುವಷ್ಟು ನೀರು ನಿಂತಿರುವುದನ್ನು ಕಂಡ ಒಡೆಯನಿಗೆ ಮಾತ್ರ ನಗು ಬಾರದು.

ಬ್ರಿಟನ್ನಿನಲ್ಲಿ ಇಂಥ ಹವ್ಯಾಸಿಗಳ ಸಂಖ್ಯೆ ಸಣ್ಣದಲ್ಲ. ಸೈನ್ಯಕ್ಕೆ ಬೇಡವಾದ ವಾಹನದ ಆಯುಧಗಳನ್ನು ತೆಗೆದೋ ನಿಷ್ಕ್ರಿಯಗೊಳಿಸಿಯೋ ಆದಮೇಲೆ ಖಾಸಗಿಯವರು ಅದನ್ನು ಕೊಳ್ಳಬಹುದು. ಕ್ರಮವಾಗಿ ನೋಂದಾಯಿಸಿ ರಸ್ತೆಯಲ್ಲಿ ಓಡಿಸಲೂ ಬಹುದು. ಇವರಲ್ಲಿ ಅನೇಕರ ಮೊದಲ ಆಯ್ಕೆ ‘ಫೆರೆಟ್’. ಮೊಲದ ಬಿಲಕ್ಕೆ ನುಗ್ಗಿ ಬೇಟೆಯಾಡುವ ಪುಟ್ಟ ಪ್ರಾಣಿಯೊಂದರ ಹೆಸರನ್ನು ಹೊತ್ತ ಈ ನಾಲ್ಕು ಗಾಲಿಯ ಬೇಹುಗಾರಿಕೆಯ ಬಂಡಿಯನ್ನು ಕವೆಂಟ್ರಿ ನಗರದ ಡೈಮ್ಲರ್ ಕಾರ್ಖಾನೆ 1952ರಿಂದ 1971ರವರೆಗೆ ತಯಾರಿಸಿತು. ಒಟ್ಟು 4,409 ಬಂಡಿಗಳು ಹೊರಬಂದವು. ಭಾರತವೂ ಸೇರಿದಂತೆ ಹಲವು ದೇಶಗಳ ಸೈನ್ಯಗಳಲ್ಲಿ ಇವು ದುಡಿದವು. ತೂಕ ಸುಮಾರು ನಾಲ್ಕು ಟನ್ನು. ಉಕ್ಕಿನ ದಪ್ಪ 6ರಿಂದ 16 ಮಿಲಿಮೀಟರು. ಹಿಂಬದಿಯಲ್ಲಿ ಆರು ಸಿಲಿಂಡರಿನ ರೋಲ್ಸ್ ರಾಯ್ಸ್ ಪೆಟ್ರೋಲ್ ಎಂಜಿನ್ನು. ಸಾಧಾರಣ ಮೋಟಾರು ಕೊಟ್ಟಿಗೆಯಲ್ಲಿ ಇದನ್ನು ಇರಿಸುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಹೀಗಾಗಿ ಬಹುಪಾಲು ಬಂಡಿಗಳ ಬಾಳು ಬಯಲಿನಲ್ಲಿ, ಹೊದಿಕೆಯೊಂದರ ಕೆಳಗೆ ಕಳೆಯುತ್ತದೆ.

ಇಲ್ಲಿರುವ ವಿಪರ್ಯಾಸವನ್ನು ಗಮನಿಸಬೇಕು. ಫೆರೆಟ್ಟಿನ ಒಡಲು ಸಾಮಾನ್ಯ ಮೋಟಾರಿನ ಒಡಲಿನಂತಲ್ಲ. ಬೆಸುಗೆ ಹಾಕಿ ಕೂಡಿಸಿದ ಒಂದು ದೊಡ್ಡ ತೊಟ್ಟಿ. ಯಾವ ವಿಶೇಷ ಸಿದ್ಧತೆಯೂ ಇಲ್ಲದೆ ಸುಮಾರು ಮೂರು ಅಡಿ ಆಳದ ಹೊಳೆಯನ್ನು ಅದು ದಾಟಬಲ್ಲುದು. ಸಿದ್ಧತೆ ಮಾಡಿಕೊಂಡರೆ ಐದು ಅಡಿಯ ನೀರೂ ಅದಕ್ಕೆ ತಡೆಯಲ್ಲ. ಆದರೆ ಹೊರಗಿನ ಹೊಳೆಯನ್ನು ಒಳಗೆ ಬಿಡದ ತೊಟ್ಟಿ ಒಳಗೆ ಬಿದ್ದ ಮಳೆಯನ್ನು ಹೊರಗೆ ಬಿಡುವುದೂ ಇಲ್ಲ. ಸಾಮಾನ್ಯ ಕಾರಿನ ತಳದಲ್ಲಿ ಸೋರಿಹೋಗುವ ನೀರು ಇಲ್ಲಿ ಉಳಿಯುತ್ತದೆ. ಯುದ್ಧಭೂಮಿಯ ಗುಣವೇ ಅಂಗಳದಲ್ಲಿ ದೋಷವಾಗುವುದು ಹೀಗೆ.

ಯುದ್ಧಭೂಮಿಯಲ್ಲಾದರೂ ನೀರನ್ನು ಹೊರಗಿಡುವುದು ಎಂದೂ ಸುಲಭವಾಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ನಾರ್ಮಂಡಿಯ ದಂಡೆಗೆ ಇಳಿಯಲಿದ್ದ ವಾಹನಗಳ ಸಂದುಗೊಂದುಗಳಿಗೆ ಬ್ರಿಟಿಷ್ ಸೈನಿಕರು ಗ್ರೀಸು, ಸುಣ್ಣ ಮತ್ತು ಕಲ್ನಾರಿನ ಎಳೆಗಳನ್ನು ಕಲಸಿದ ಮೆತ್ತೆಯನ್ನು ಮೆತ್ತಿದರು. ಹಂಗೆರಿಯಲ್ಲಿ ಹುಟ್ಟಿದ ಎಂಜಿನಿಯರ್ ನಿಕೊಲಾಸ್ ಸ್ಟ್ರಾಸ್ಲರ್ ಇನ್ನೂ ಮುಂದೆ ಹೋಗಿ, ಟ್ಯಾಂಕಿನ ಸುತ್ತ ಕ್ಯಾನ್ವಾಸಿನ ಗೋಡೆಯನ್ನೆಬ್ಬಿಸಿ ಅದನ್ನು ದೋಣಿಯಂತೆ ತೇಲಿಸಿದ. 1944ರ ಏಪ್ರಿಲ್ 4ರಂದು ಇಂಗ್ಲೆಂಡಿನ ಸ್ಟಡ್ಲೆಂಡ್ ಕೊಲ್ಲಿಯ ಸಮರಾಭ್ಯಾಸದಲ್ಲಿ ಇಂಥ ಟ್ಯಾಂಕುಗಳು ಮುಳುಗಿ ಆರು ಮಂದಿ ಪ್ರಾಣ ಬಿಟ್ಟರು. ಅದೇ ಜೂನ್ 6ರಂದು ಒಮಾಹಾ ದಂಡೆಯ ಎದುರು, ದಡದಿಂದ ಸುಮಾರು ಐದು ಕಿಲೋಮೀಟರು ದೂರದಲ್ಲಿ, ಅಮೆರಿಕದ ಒಂದು ಟ್ಯಾಂಕ್ ದಳ ಇಪ್ಪತ್ತೊಂಬತ್ತನ್ನು ನೀರಿಗಿಳಿಸಿತು. ಅಲೆಗಳು ಕ್ಯಾನ್ವಾಸನ್ನು ಮಡಚಿಹಾಕಿದವು. ಇಪ್ಪತ್ತೇಳು ಟ್ಯಾಂಕುಗಳು ಮುಳುಗಿದವು.

ಹಾಗೆ ಮುಳುಗಿದ ಒಂದು ಟ್ಯಾಂಕು ಖಾಸಗಿಯವರೊಬ್ಬರ ಸ್ವತ್ತಾದ ಕಥೆಯೂ ಉಂಟು. ಡೆವನ್ ಪ್ರಾಂತದ ಸ್ಲ್ಯಾಪ್ಟನ್ ಕಡಲತೀರದಲ್ಲಿ 1944ರ ಸಮರಾಭ್ಯಾಸದ ದಿನಗಳಲ್ಲಿ ಇಂಥದೇ ಒಂದು ಶೆರ್ಮನ್ ಟ್ಯಾಂಕು ಸಮುದ್ರದ ಪಾಲಾಗಿತ್ತು. ಟಾರ್‌ಕ್ರಾಸ್ ಊರಿನ ಕೆನ್ ಸ್ಮಾಲ್ ಎಂಬಾತ 1974ರಲ್ಲಿ ಅದನ್ನು ಅಮೆರಿಕದ ಸರ್ಕಾರದಿಂದ ಐವತ್ತು ಡಾಲರಿಗೆ ಕೊಂಡ. ಕೊಂಡದ್ದು ಸುಲಭ, ಮೇಲೆತ್ತಿದ್ದು ಕಷ್ಟ. ಹತ್ತು ವರ್ಷಗಳ ಪ್ರಯತ್ನದ ನಂತರ, 1984ರಲ್ಲಿ, ಆ ಟ್ಯಾಂಕು ದಡ ಸೇರಿತು. ಸ್ಲ್ಯಾಪ್ಟನ್ನಿನ ಅಭ್ಯಾಸದ ವೇಳೆಯಲ್ಲಿ ಜೀವ ತೆತ್ತ ನೂರಾರು ಅಮೆರಿಕನ್ನರ ಸ್ಮಾರಕವಾಗಿ ಅದು ಟಾರ್‌ಕ್ರಾಸಿನಲ್ಲಿ ಕಪ್ಪು ಲೇಪವನ್ನು ಹೊದ್ದು ನಿಂತಿದೆ. ನಲವತ್ತು ವರ್ಷ ಕಡಲಿನಲ್ಲಿದ್ದ ಉಕ್ಕು ಇಷ್ಟಾದರೂ ಉಳಿದದ್ದು ಹೇಗೆ ಎಂಬ ಪ್ರಶ್ನೆ ಸಹಜ. ತುಕ್ಕಿಗೆ ನೀರಿನೊಡನೆ ಆಮ್ಲಜನಕವೂ ಬೇಕು. ಸದಾ ನೀರಿನೊಳಗೆ ಮುಳುಗಿರುವ ಉಕ್ಕಿಗಿಂತ, ನೆನೆದು, ಒಣಗಿ, ಮತ್ತೆ ನೆನೆಯುವ ಉಕ್ಕು ಬೇಗ ಸವೆಯುತ್ತದೆ. ಅಂಗಳದಲ್ಲಿ ನಿಂತ ಬಂಡಿಯ ಅವಸ್ಥೆ ಈ ಎರಡನೆಯದು.

ಅಂಗಳದ ಬಂಡಿಗೆ ನೀರು ಬರುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಕಣ್ಣಿಗೆ ಕಾಣುವ ದಾರಿ: ಮೇಲಿನಿಂದ ಬೀಳುವ ಮಳೆ. ಚಾಲಕನ ಮುಚ್ಚಳ, ಗೋಪುರದ ಮುಚ್ಚಳ, ಗೋಪುರವು ತಿರುಗುವ ಬಳೆಯ ಸಂದು, ಇವುಗಳ ರಬ್ಬರು ಪಟ್ಟಿಗಳು ಅರ್ಧ ಶತಮಾನದಲ್ಲಿ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತವೆ. ಎಂಜಿನ್ನಿನ ಮೇಲಿನ ಜಾಲರಿಯಂತೂ ಗಾಳಿಗಾಗಿಯೇ ತೆರೆದದ್ದು. ಮಳೆಗೂ ಅದು ಹೆಬ್ಬಾಗಿಲು. ಒಂದು ಚದರ ಮೀಟರು ಜಾಗದ ಮೇಲೆ ಹತ್ತು ಮಿಲಿಮೀಟರು ಮಳೆ ಬಿದ್ದರೆ ಹತ್ತು ಲೀಟರು ನೀರಾಗುತ್ತದೆ ಎಂಬ ಲೆಕ್ಕವನ್ನು ಶಾಲೆಯ ಹುಡುಗನೂ ಮಾಡಿಯಾನು.

ಎರಡನೆಯ ದಾರಿ ಗಾಳಿಯದು. ಒಂದು ಹನಿಯೂ ಸೋರದಂತೆ ಮುಚ್ಚಿದ ಬಂಡಿಯ ಒಳಮೈ ಕೂಡ ಒದ್ದೆಯಾಗಬಹುದು. 20 ಡಿಗ್ರಿ ಸೆಲ್ಸಿಯಸ್ ಉಷ್ಣದ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲುದು. 5 ಡಿಗ್ರಿಗೆ ಇಳಿದಾಗ ಸುಮಾರು 7 ಗ್ರಾಂ ಮಾತ್ರ. ಉಳಿದದ್ದು ಹನಿಯಾಗಲೇಬೇಕು. ಚಳಿಯ ರಾತ್ರಿ ಕಳೆದ ಮೇಲೆ ಬೆಚ್ಚನೆಯ ತೇವದ ಗಾಳಿ ಬೀಸಿದರೂ ಟನ್ನುಗಟ್ಟಲೆ ತೂಕದ ಉಕ್ಕು ಬೇಗ ಬಿಸಿಯಾಗುವುದಿಲ್ಲ. ತಣ್ಣೀರು ತುಂಬಿದ ಲೋಟದ ಹೊರಮೈಯಂತೆ ಬಂಡಿಯ ಒಳಮೈ ಬೆವರುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು ಕಟ್ಟಿ ನಿಶ್ಚಿಂತನಾದ ಒಡೆಯನು ಆ ಬೆವರನ್ನು ಒಳಗೇ ಕೂಡಿಹಾಕಿದಂತಾಯಿತು.

ಮೂರನೆಯದು ಯಾರೂ ಸಂದೇಹಿಸದ ದಾರಿ: ಎಂಜಿನ್ನು. ಒಂದು ಲೀಟರು ಪೆಟ್ರೋಲು ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ನು ಚೆನ್ನಾಗಿ ಕಾದಿದ್ದರೆ ಆ ಆವಿ ಹೊಗೆಕೊಳವೆಯಿಂದ ಹೊರಟುಹೋಗುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಓಡಿಸಿ ನಿಲ್ಲಿಸುವವರ ಬಂಡಿಯಲ್ಲಿ ಅದು ಕೊಳವೆಯಲ್ಲೂ ಎಣ್ಣೆಯಲ್ಲೂ ನೀರಾಗಿ ಉಳಿಯುತ್ತದೆ. ಇದರ ಜೊತೆಗೆ, 2021ರಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ ಹತ್ತರವರೆಗೆ ಎಥನಾಲ್ ಬೆರೆಸಲಾಗುತ್ತಿದೆ. ಎಥನಾಲಿಗೆ ತೇವವನ್ನು ಹೀರುವ ಸ್ವಭಾವ. ತಿಂಗಳುಗಟ್ಟಲೆ ನಿಂತ ಬಂಡಿಯ ಪೆಟ್ರೋಲ್ ತೊಟ್ಟಿ ಒಳಗಿನಿಂದಲೇ ತುಕ್ಕು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಒಳಗೆ ನಿಂತ ನೀರು ತಳದ ಹಲಗೆಗಳ ಕೆಳಗೆ ಅಡಗಿ, ದಂಡಗಳನ್ನೂ ವಿದ್ಯುತ್ ತಂತಿಗಳ ಜೋಡಣೆಗಳನ್ನೂ ಸದ್ದಿಲ್ಲದೆ ತಿನ್ನುತ್ತದೆ. ತುಕ್ಕು ತಾನು ಹುಟ್ಟಿದ ಲೋಹಕ್ಕಿಂತ ಹಲವು ಪಾಲು ಹೆಚ್ಚು ಜಾಗವನ್ನು ಬೇಡುವುದರಿಂದ ಬೋಲ್ಟುಗಳು ಬಿಗಿದುಕೊಳ್ಳುತ್ತವೆ, ತೆಳು ತಗಡುಗಳು ಉಬ್ಬಿ ಬಿರಿಯುತ್ತವೆ. ಅಲ್ಯೂಮಿನಿಯಂ ಕವಚದ ವಾಹನಗಳಾದರೆ ಈ ಭಯವಿಲ್ಲವೆಂಬ ನಂಬಿಕೆ ಅರ್ಧ ಸತ್ಯ. 1970ರ ದಶಕದಲ್ಲಿ ಸೈನ್ಯಕ್ಕೆ ಬಂದ ‘ಸ್ಕಾರ್ಪಿಯನ್’ ಮುಂತಾದ ಹಗುರ ವಾಹನಗಳ ಒಡಲು ಅಲ್ಯೂಮಿನಿಯಂ ಮಿಶ್ರಲೋಹದ್ದು. ಆದರೆ ಅಲ್ಯೂಮಿನಿಯಮ್ಮಿಗೆ ಉಕ್ಕಿನ ಬೋಲ್ಟು ತಗುಲಿ ನಡುವೆ ನೀರು ನಿಂತರೆ ಅದೊಂದು ಚಿಕ್ಕ ವಿದ್ಯುತ್ಕೋಶವೇ ಆಗಿ, ಅಲ್ಯೂಮಿನಿಯಂ ಕರಗಿ ಬಿಳಿಯ ಪುಡಿಯಾಗುತ್ತದೆ.

ಹಾಗಾದರೆ ಪರಿಹಾರವೇನು? ಅನುಭವಿಗಳ ಮೊದಲ ಸಲಹೆ ಕೇಳಲು ವಿಚಿತ್ರವಾಗಿದೆ: ನೀರನ್ನು ತಡೆಯುವ ಮುನ್ನ ಅದಕ್ಕೆ ಹೊರಹೋಗುವ ದಾರಿ ಮಾಡಿಕೊಡಬೇಕು. ಒಡಲಿನ ತಳದಲ್ಲಿ ನೀರು ಬಸಿಯುವ ಬಿರಡೆಗಳಿರುತ್ತವೆ. ಬಂಡಿ ನಿಂತಿರುವಷ್ಟು ಕಾಲವೂ ಅವು ತೆರೆದಿರಲಿ. ರಂಧ್ರಗಳಲ್ಲಿ ಕೆಸರು ಕಟ್ಟದಂತೆ ಆಗಾಗ ಕಡ್ಡಿಯಾಡಿಸಬೇಕು. ಬಂಡಿಯನ್ನು ಬಸಿಯುವ ಕಡೆಗೆ ತುಸು ಓರೆಯಾಗಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ತೆಗೆದ ಬಿರಡೆಗಳನ್ನು ದಾರದಲ್ಲಿ ಪೋಣಿಸಿ ಚಾಲಕನ ಚಕ್ರಕ್ಕೆ ಕಟ್ಟಿದರೆ, ಅವನ್ನು ಮರೆತು ಹೊಳೆಗಿಳಿಯುವ ಪ್ರಮಾದ ತಪ್ಪುತ್ತದೆ. ಬಸಿದ ನೀರಿನಲ್ಲಿ ಎಣ್ಣೆ ಬೆರೆತಿರುವುದುಂಟು. ಅದನ್ನು ತಟ್ಟೆಯಲ್ಲಿ ಹಿಡಿಯಬೇಕೇ ಹೊರತು ತೋಟಕ್ಕೂ ಚರಂಡಿಗೂ ಬಿಡಬಾರದು.

ಆಮೇಲೆ ಸೋರುವ ಜಾಗದ ಪತ್ತೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಟಾರ್ಚು, ಸೀಮೆಸುಣ್ಣ ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ಹೊರಗಿನಿಂದ ಮೆಲ್ಲಗೆ ಕೊಳವೆಯ ನೀರು ಬಿಡಬೇಕು. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗುವುದು ಕ್ರಮ. ಮೇಲಿನಿಂದ ಆರಂಭಿಸಿದರೆ ಇಳಿದುಬಂದ ನೀರು ಎಲ್ಲ ಸಂದುಗಳ ಮೇಲೂ ಸಂಶಯ ಹುಟ್ಟಿಸುತ್ತದೆ. ಹೊಸ ರಬ್ಬರು ಪಟ್ಟಿ ಅಂಟಿಸುವ ಮೊದಲು ಹಳೆಯ ಬಣ್ಣ, ತುಕ್ಕು, ಅಂಟುಗಳನ್ನು ಲೋಹ ಕಾಣುವವರೆಗೆ ಕೆರೆಯಬೇಕು. ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಕಾಗದದ ಚೂರೊಂದನ್ನು ನಡುವೆ ಇಟ್ಟು ಮುಚ್ಚಳ ಮುಚ್ಚಿ ಎಳೆದರೆ ಸಾಕು. ಸಲೀಸಾಗಿ ಜಾರಿಬಂದ ಕಡೆ ನೀರೂ ಸಲೀಸಾಗಿ ಜಾರುತ್ತದೆ.

ಹೊದಿಕೆಯನ್ನು ಬಂಡಿಯ ಮೈಗೆ ಅಂಟುವಂತೆ ಹಾಸಬಾರದು. ಗಾಳಿಯಾಡುವ ಬಟ್ಟೆಯಾಗಿರಬೇಕು, ಮನೆಯ ಮಾಡಿನಂತೆ ಇಳಿಜಾರಾಗಿ, ಕೆಳಗೆ ಗಾಳಿ ಹರಿಯುವಷ್ಟು ಎಡೆ ಬಿಟ್ಟು ಕಟ್ಟಬೇಕು. ಒಣಹವೆಯ ದಿನ ಮುಚ್ಚಳಗಳನ್ನೆಲ್ಲ ತೆರೆದಿಡಬೇಕು. ತಿಂಗಳಿಗೊಮ್ಮೆಯಾದರೂ ಎಂಜಿನ್ನೂ ಎಣ್ಣೆಯೂ ಚೆನ್ನಾಗಿ ಕಾಯುವವರೆಗೆ ರಸ್ತೆಯಲ್ಲಿ ಓಡಿಸಬೇಕು. ಕೊಟ್ಟಿಗೆಯ ಭಾಗ್ಯವಿದ್ದವರು ತೇವ ಹೀರುವ ವಿದ್ಯುದ್ಯಂತ್ರವನ್ನು ಇಟ್ಟುಕೊಂಡರೆ ಉತ್ತಮ. ಗಾಳಿಯ ಸಾಪೇಕ್ಷ ತೇವ ಶೇಕಡಾ ಅರವತ್ತನ್ನು ಮೀರದಿದ್ದರೆ ಉಕ್ಕಿನ ತುಕ್ಕು ಬಹಳ ಮಂದವಾಗುತ್ತದೆ.

ಈ ಕೆಲಸದಲ್ಲಿ ಅಪಾಯವೂ ಉಂಟು. ವರ್ಷಗಟ್ಟಲೆ ಬಿಗಿಯಾಗಿ ಮುಚ್ಚಿದ್ದ ಒದ್ದೆ ಉಕ್ಕಿನ ಒಡಲಿಗೆ ತಟ್ಟನೆ ಇಳಿಯಬಾರದು. ತುಕ್ಕು ಹಿಡಿಯುವ ಉಕ್ಕು ಒಳಗಿನ ಆಮ್ಲಜನಕವನ್ನು ಕುಡಿಯುತ್ತದೆ. ಹಡಗುಗಳ ಮುಚ್ಚಿದ ಕೋಣೆಗಳಲ್ಲಿ ಇದರಿಂದ ಜೀವಹಾನಿಯಾದದ್ದುಂಟು. ಮೊದಲು ಎಲ್ಲ ಮುಚ್ಚಳಗಳನ್ನು ತೆರೆದು ಗಾಳಿಯಾಡಿಸಿ, ಹೊರಗೊಬ್ಬರನ್ನು ನಿಲ್ಲಿಸಿಕೊಂಡು ಇಳಿಯುವುದು ವಿವೇಕ. ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರಬಹುದಾದುದರಿಂದ ಅವನ್ನು ಉಜ್ಜಿ ದೂಳೆಬ್ಬಿಸಬಾರದು. ಭಾರವಾದ ಮುಚ್ಚಳವನ್ನು ಆಧಾರದಿಂದ ಭದ್ರಪಡಿಸದೆ ಅಂಚಿಗೆ ಬೆರಳಿಡಬಾರದು. ಮಕ್ಕಳಿಗೆ ಇಂಥ ಬಂಡಿ ಆಟದ ಕೋಟೆಯಂತೆ ಕಾಣುವುದು ಸಹಜ. ಆದ್ದರಿಂದಲೇ ಹೊರಗಿನಿಂದ ಬೀಗವಿರಬೇಕು.

ಇಷ್ಟು ಪಾಡು ಯಾತಕ್ಕೆಂದು ಕೇಳುವವರುಂಟು. ಫೆರೆಟ್ಟುಗಳು ಈಗ ಹೊಸದಾಗಿ ಹುಟ್ಟುವುದಿಲ್ಲ. ಒಳಗೆ ಇಬ್ಬರು ಹೇಗೆ ಮೈ ಮುದುಡಿ ಕೂರುತ್ತಿದ್ದರು, ಎಷ್ಟು ಕಿರಿದಾದ ಸಂದಿನಿಂದ ಹೊರಗಿನ ಜಗತ್ತನ್ನು ನೋಡುತ್ತಿದ್ದರು ಎಂಬುದನ್ನು ಪುಸ್ತಕಕ್ಕಿಂತ ಸ್ಪಷ್ಟವಾಗಿ ಆ ಬಂಡಿಯೇ ಹೇಳುತ್ತದೆ. ಅದನ್ನು ಉಳಿಸುವ ಹೊಣೆ ಇಂದು ಯಾವ ಸೇನಾಪತಿಯದೂ ಅಲ್ಲ. ಬಿಡುವಿನ ಭಾನುವಾರ ಸ್ಪ್ಯಾನರ್ ಹಿಡಿದು ಬಂಡಿಯ ಕೆಳಗೆ ಮಲಗಿ, ಬಿರಡೆಯ ರಂಧ್ರದಲ್ಲಿ ಕಡ್ಡಿಯಾಡಿಸುವ ಗೃಹಸ್ಥನದು.