ಸಾಲದ ಸುಳಿಯಿಂದ ಹೊರಬರಲು ಬಡವರಿಗೂ ಕಾನೂನಿನ ದಾರಿ ಬೇಕು

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಿಂದ ಬಂದ ಸುದ್ದಿ ರಾಜ್ಯವನ್ನೇ ಕಲಕಿತು. ಮೈಕ್ರೋಫೈನಾನ್ಸ್ ಕಂತು ಕಟ್ಟಲಾಗದೆ, ವಸೂಲಿಗೆ ಬರುವವರ ಕಾಟ ತಾಳಲಾಗದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದವು. ರಾಜ್ಯ ಸರ್ಕಾರ ಫೆಬ್ರುವರಿ 12ರಂದು ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ನೋಂದಣಿಯಿಲ್ಲದ ಸಂಸ್ಥೆಗಳು ದುರ್ಬಲರಿಗೆ ಕೊಟ್ಟ ಸಾಲ ತೀರಿದಂತೆಯೇ ಎಂದೂ ಹೇಳಿತು. ಇದು ಆಗಲೇಬೇಕಿದ್ದ ಕೆಲಸ. ಆದರೆ ಈ ಕಾನೂನು ಉತ್ತರಿಸುವುದು ಸಾಲವನ್ನು ಹೇಗೆ ವಸೂಲು ಮಾಡಬಾರದು ಎಂಬ ಪ್ರಶ್ನೆಗೆ ಮಾತ್ರ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಸಂಸ್ಥೆಯ ಸಾಲವನ್ನು ನಿಜಕ್ಕೂ ತೀರಿಸಲಾಗದವರು ಏನು ಮಾಡಬೇಕು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಗದರುವ ದನಿ ತಗ್ಗಿದರೂ ಸಾಲ ಕರಗುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರಿನಂಥ ತಾಲ್ಲೂಕುಗಳಿಗೆ ಈಗ ಬೇಕಿರುವುದು ಸಣ್ಣ ಸಾಲಗಾರರು ಮರ್ಯಾದೆಯಿಂದ ಬಳಸಬಹುದಾದ, ಮನೆಗೆ ಹತ್ತಿರವಿರುವ ದಿವಾಳಿ ಪರಿಹಾರ ವ್ಯವಸ್ಥೆ.

ಏಕೆಂದರೆ ಈ ಭಾಗದಲ್ಲಿ ಸಂಕಷ್ಟ ಒಬ್ಬೊಬ್ಬರಾಗಿ ಬರುವುದಿಲ್ಲ, ಊರಿಗೆ ಊರೇ ಒಟ್ಟಾಗಿ ಸಿಲುಕುತ್ತದೆ. ಕೊಳ್ಳೇಗಾಲದ ನೇಕಾರ, ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ನೂಲು ಬಿಚ್ಚಾಣಿಕೆದಾರ, ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತ ಒಂದೇ ಎಳೆಗೆ ಕಟ್ಟಿಕೊಂಡವರು. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಕೇಂದ್ರ ಸರ್ಕಾರ 2011ರ ಬಜೆಟ್‌ನಲ್ಲಿ ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ದೂರದ ದೆಹಲಿಯ ತೀರ್ಮಾನಕ್ಕೆ ಇಲ್ಲಿನ ರೇಷ್ಮೆ ಗೂಡು ಬೆಳೆಗಾರರು ಬೆಲೆ ತೆರಬೇಕಾಯಿತು. ಹನೂರಿನ ಕಡೆ ಮಳೆಯೇ ಆಧಾರ. ಮಳೆ ಕೈಕೊಟ್ಟ ವರ್ಷ ಕೂಲಿಗೆ ಬೆಂಗಳೂರು ಇಲ್ಲವೇ ತಮಿಳುನಾಡಿನ ದಾರಿ ಹಿಡಿಯಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಸಾಮಾನ್ಯ ಕಾಲದಲ್ಲಿ ಕಂತು ತಪ್ಪಿದವರನ್ನು ಕಾಯುವುದು ನೆಂಟರ ಕೈಸಾಲ, ಒಡವೆಯ ಗಿರವಿ, ಸಂಘದ ಜೊತೆಗಾತಿಯರ ನೆರವು. ಇಡೀ ಊರಿನ ಆದಾಯವೇ ಕುಸಿದಾಗ ಇವೆಲ್ಲ ಒಟ್ಟಿಗೆ ಬತ್ತುತ್ತವೆ. ಗುಂಪು ಜಾಮೀನಿನಲ್ಲಿ ಒಬ್ಬಳ ಬಾಕಿ ಉಳಿದವರ ತಲೆಗೆ ಬರುತ್ತದೆ. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮೀಟರ್ ಬಡ್ಡಿಯ ಮತ್ತೊಂದು. ಜಮೀನು ಮಾರಲು ಹೊರಟರೆ ಎಲ್ಲರೂ ಮಾರುವವರೇ ಆಗಿರುವುದರಿಂದ ಬೆಲೆ ಸಿಗುವುದಿಲ್ಲ. ಇಂಥ ಸಾಲವನ್ನು ವ್ಯಕ್ತಿಯ ದುರ್ನಡತೆಯ ಫಲವೆಂದು ನೋಡುವುದು ಅನ್ಯಾಯ. ಸಮುದಾಯದ ಆಸರೆ ಸೋತ ಕಡೆ ಕಾನೂನು ಆಸರೆಯಾಗಬೇಕು.

ಕಂಪನಿಗಳಿಗೆ ಈ ಆಸರೆ ಈಗಾಗಲೇ ಇದೆ. 2016ರ ದಿವಾಳಿ ಸಂಹಿತೆಯಡಿ ಸೋತ ಕಂಪನಿಯ ಸಾಲ ನ್ಯಾಯಮಂಡಳಿಯಲ್ಲಿ ಇತ್ಯರ್ಥವಾಗುತ್ತದೆ. ಸಾಲ ಕೊಟ್ಟವರು ಬಾಕಿಯ ಒಂದು ಪಾಲನ್ನು ಬಿಟ್ಟುಕೊಟ್ಟು ಮುಂದೆ ಸಾಗುತ್ತಾರೆ. ವ್ಯಕ್ತಿಗಳಿಗಾಗಿ ಅದೇ ಸಂಹಿತೆಯ ಮೂರನೇ ಭಾಗವಿದೆ. ಆದರೆ 2019ರ ಡಿಸೆಂಬರ್ 1ರಂದು ಅದು ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ರೈತ, ನೇಕಾರ, ಕೂಲಿಕಾರರಿಗೆ ಉಳಿದಿರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದ ಕಾನೂನು ಅದು. 500 ರೂಪಾಯಿ ಸಾಲವಿದ್ದವರೂ ಅದರಡಿ ಅರ್ಜಿ ಹಾಕಬಹುದು, ಬಂಧನದಿಂದ ರಕ್ಷಣೆ ಕೋರಬಹುದು, ಕೊನೆಗೆ ಸಾಲದಿಂದ ಬಿಡುಗಡೆಯನ್ನೂ ಪಡೆಯಬಹುದು. ಆದರೆ ವಕೀಲರ ಶುಲ್ಕ, ವಾಯಿದೆಗಳು, ಆಸ್ತಿಯನ್ನು ವಶಕ್ಕೆ ಪಡೆಯುವ ರಿಸೀವರ್ ಇವನ್ನೆಲ್ಲ ದಾಟಿ ವಾರದ ಕಂತಿನ ಸಾಲಗಾರ್ತಿ ಅಲ್ಲಿಗೆ ತಲುಪುವುದು ದೂರದ ಮಾತು.

2016ರ ಸಂಹಿತೆಯಲ್ಲಿರುವ ‘ಹೊಸ ಆರಂಭ’ ಅಧ್ಯಾಯ ಬಡವರಿಗೆಂದೇ ಬರೆದದ್ದು. ಅದನ್ನು ಇದ್ದಂತೆಯೇ ಜಾರಿಗೆ ತಂದರೂ ಸಾಲದು. ವಾರ್ಷಿಕ ಆದಾಯ 60,000 ರೂಪಾಯಿ, ಆಸ್ತಿ 20,000, ಮನ್ನಾಕ್ಕೆ ಅರ್ಹವಾದ ಸಾಲ 35,000 ಮೀರಬಾರದು. ಸ್ವಂತ ಮನೆ ಇರಲೇಬಾರದು. ನರೇಗಾದ 2025–26ರ ದಿನಗೂಲಿ 370 ರೂಪಾಯಿಯ ಲೆಕ್ಕ ಹಿಡಿದರೆ ವರ್ಷಕ್ಕೆ 163 ದಿನ ದುಡಿದವರೇ ಈ ಆದಾಯ ಮಿತಿ ದಾಟುತ್ತಾರೆ. ಸರ್ಕಾರವೇ ಕಟ್ಟಿಸಿಕೊಟ್ಟ ಆಶ್ರಯ ಮನೆಯೂ ಅನರ್ಹತೆಯಾಗುತ್ತದೆ. ಇತ್ತ ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲಕ್ಕೆ 3 ಲಕ್ಷ ರೂಪಾಯಿವರೆಗೆ ವಾರ್ಷಿಕ ಆದಾಯವಿರುವ ಕುಟುಂಬ ಅರ್ಹ. ಸಾಲ ಕೊಡುವಾಗ 3 ಲಕ್ಷದವರೆಗಿನ ಆದಾಯವನ್ನು ಬಡತನವೆಂದು ಒಪ್ಪುವ ವ್ಯವಸ್ಥೆ, ಬಿಡುಗಡೆಯ ಹೊತ್ತಿಗೆ 60,000ಕ್ಕೆ ಗೆರೆ ಎಳೆಯುವುದು ಸಮರ್ಥನೀಯವಲ್ಲ. ಎರಡಕ್ಕೂ ಒಂದೇ ಅಳತೆ ಇರಬೇಕು, ವಾಸದ ಮನೆಗೆ ವಿನಾಯಿತಿ ಸಿಗಬೇಕು.

ಸಾಲದಿಂದ ಬಿಡುಗಡೆಯ ದಾರಿ ತೆರೆದರೆ ಕಟ್ಟಬಲ್ಲವರೂ ಕೈಚೆಲ್ಲುತ್ತಾರೆ ಎಂಬ ಆಕ್ಷೇಪ ಗಂಭೀರವಾದದ್ದೇ. ಆದರೆ ಅದು ಹೆಚ್ಚು ಅನ್ವಯಿಸುವುದು ಸಾರಾಸಗಟು ಸಾಲಮನ್ನಾಕ್ಕೆ. ಮನ್ನಾ ಘೋಷಣೆ ಉಳ್ಳವರನ್ನೂ ಇಲ್ಲದವರನ್ನೂ ಬೇರ್ಪಡಿಸುವುದಿಲ್ಲ; ದಿವಾಳಿ ಪ್ರಕ್ರಿಯೆ ಪ್ರತಿ ಕುಟುಂಬದ ಆದಾಯ, ಆಸ್ತಿ, ಸಾಲವನ್ನು ಬಿಡಿಬಿಡಿಯಾಗಿ ಪರಿಶೀಲಿಸುತ್ತದೆ. ಸುಳ್ಳು ಲೆಕ್ಕ ಕೊಟ್ಟವರಿಗೆ ಬಿಡುಗಡೆಯಿಲ್ಲ, ಬಿಡುಗಡೆ ಪಡೆದವರಿಗೆ ಕೆಲಕಾಲ ಹೊಸ ಸಾಲ ಸುಲಭವಲ್ಲ. ಈ ಬೆಲೆ ತೆತ್ತು ಹೊರಬರುವವರು ನಿಜಕ್ಕೂ ಬೇರೆ ದಾರಿಯಿಲ್ಲದವರು. ಸಾಲ ಕೊಡುವವರು ಹಿಂಜರಿದು ಹಳ್ಳಿಗೆ ಹಣವೇ ಬಾರದು ಎಂಬುದು ಇನ್ನೊಂದು ಆತಂಕ. 2010ರಲ್ಲಿ ಆಂಧ್ರಪ್ರದೇಶದ ಸುಗ್ರೀವಾಜ್ಞೆಯ ನಂತರ ಅಲ್ಲಿ ಮೈಕ್ರೋಫೈನಾನ್ಸ್ ವಹಿವಾಟು ಕುಸಿದದ್ದು ನಿಜ. ಆದರೆ ಅಲ್ಲಿ ಒಮ್ಮೆಲೇ ನಿಂತದ್ದು ಎಲ್ಲರ ಮರುಪಾವತಿ. ಯಾರ ಸಾಲ ಬರುತ್ತದೆ, ಯಾರದ್ದು ಬರುವುದಿಲ್ಲ ಎಂಬುದನ್ನು ವಿಂಗಡಿಸುವ ವ್ಯವಸ್ಥೆ ಇಲ್ಲದಿದ್ದುದೇ ಕುಸಿತವನ್ನು ಆಳವಾಗಿಸಿತು. ಊರು ಬಿಟ್ಟು ಹೋದವರಿಂದ ಸಂಸ್ಥೆಗೆ ಹೇಗೂ ಹಣ ಬರುವುದಿಲ್ಲ. ಊರಲ್ಲೇ ಉಳಿದು ಮಗ್ಗ ನಡೆಸುವವರಿಂದ ಭಾಗಶಃವಾದರೂ ಬರುತ್ತದೆ.

ಕೋರ್ಟುಗಳಿಗೆ ಈ ಹೊರೆ ತಾಳದು ಎಂಬ ಮಾತಿಗೂ ಉತ್ತರವಿದೆ. ಸಂಹಿತೆಯ ಪ್ರಕಾರ ವ್ಯಕ್ತಿಗಳ ಪ್ರಕರಣ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬೇಕು, ಅದಿರುವುದು ಬೆಂಗಳೂರಿನಲ್ಲಿ. ಮಹದೇಶ್ವರ ಬೆಟ್ಟದ ತಪ್ಪಲಿನ ಕೂಲಿಕಾರ್ತಿ 35,000 ರೂಪಾಯಿ ಸಾಲಕ್ಕಾಗಿ ಅಲ್ಲಿಗೆ ಅಲೆಯುವುದು ಆಗದ ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2009ರಿಂದ ಇರುವ ‘ಸಾಲ ಪರಿಹಾರ ಆದೇಶ’ಕ್ಕೆ ಕೋರ್ಟಿನ ಮೆಟ್ಟಿಲೇರಬೇಕಿಲ್ಲ. ಮಾನ್ಯತೆ ಪಡೆದ ಸಾಲ ಸಲಹೆಗಾರರ ಮೂಲಕ ಅರ್ಜಿ ಹೋಗುತ್ತದೆ, 12 ತಿಂಗಳು ವಸೂಲಿ ನಿಲ್ಲುತ್ತದೆ, ಪರಿಸ್ಥಿತಿ ಸುಧಾರಿಸದಿದ್ದರೆ ಸಾಲ ರದ್ದಾಗುತ್ತದೆ. 2024ರಿಂದ ಅರ್ಜಿ ಶುಲ್ಕವೂ ಇಲ್ಲ. ನಮ್ಮಲ್ಲೂ ಇದಕ್ಕೆ ತಳಹದಿಯಿದೆ. 2018ರ ಕರ್ನಾಟಕ ಋಣ ಪರಿಹಾರ ಕಾಯ್ದೆಯಡಿ ಖಾಸಗಿ ಲೇವಾದೇವಿಯ ಸಾಲಗಳ ಅರ್ಜಿಗಳನ್ನು ಉಪವಿಭಾಗಾಧಿಕಾರಿಗಳೇ ಪರಿಶೀಲಿಸಿದರು. ಆ ಕಚೇರಿ ಕೊಳ್ಳೇಗಾಲದಲ್ಲೇ ಇದೆ. ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಹಿಳೆಯರಿಗೂ ಪರಿಶಿಷ್ಟರಿಗೂ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. 15100ಕ್ಕೆ ಕರೆ ಮಾಡಿದರೆ ಸಾಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಕುಶಲಕರ್ಮಿಯ ಸಲಕರಣೆ, ರೈತನ ಉಳುವ ಎತ್ತು, ಬಿತ್ತನೆ ಬೀಜವನ್ನು ಜಪ್ತಿಯಿಂದ ಕಾಯುತ್ತದೆ. ಇದನ್ನು ತಿಳಿಸಿ, ಅರ್ಜಿ ಬರೆದುಕೊಟ್ಟು, ಸಾಲಗಳ ಪಟ್ಟಿ ಮಾಡಿಕೊಡುವ ಸಲಹಾ ಕೇಂದ್ರ ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ತೆರೆಯುವುದಕ್ಕೆ ಹೊಸ ಕಾನೂನು ಬೇಕಿಲ್ಲ.

ಬೇಕಿರುವುದು ಇಚ್ಛಾಶಕ್ತಿ. ದಿವಾಳಿ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಲೇವಾದೇವಿ ಮತ್ತು ಕೃಷಿ ಋಣ ಪರಿಹಾರ ರಾಜ್ಯ ಪಟ್ಟಿಯಲ್ಲಿವೆ. ಕೇಂದ್ರ ‘ಹೊಸ ಆರಂಭ’ದ ಮಿತಿಗಳನ್ನು ಏರಿಸಿ ಜಾರಿಗೊಳಿಸಲಿ. ಅಲ್ಲಿಯವರೆಗೆ ರಾಜ್ಯ ತನ್ನ ಋಣ ಪರಿಹಾರ ಕಾನೂನನ್ನು ಒಮ್ಮೆಯ ಅವಕಾಶವಾಗಿ ಉಳಿಸದೆ, ಬರ ಅಥವಾ ಬೆಲೆ ಕುಸಿತ ಘೋಷಣೆಯಾದ ತಾಲ್ಲೂಕುಗಳಲ್ಲಿ ತಾನಾಗಿ ತೆರೆಯುವ ವ್ಯವಸ್ಥೆಯಾಗಿ ರೂಪಿಸಲಿ. ಗುಂಪಿನ ಒಬ್ಬರಿಗೆ ಸಿಕ್ಕ ಬಿಡುಗಡೆಯ ಹೊರೆ ಉಳಿದವರ ಮೇಲೆ ಬೀಳದಂತೆ ನಿಯಮ ಸ್ಪಷ್ಟವಾಗಿರಲಿ. ಸೋತ ಉದ್ಯಮಿಗೆ ಎರಡನೇ ಅವಕಾಶ ಕೊಡುವುದು ಆರ್ಥಿಕತೆಗೆ ಒಳ್ಳೆಯದೆಂದು ದೇಶ 2016ರಲ್ಲೇ ಒಪ್ಪಿದೆ. ಆ ಹಕ್ಕನ್ನು ಗೂಡು ಬೆಳೆಯುವವರಿಗೂ ನೂಲು ತೆಗೆಯುವವರಿಗೂ ಇನ್ನೂ ನಿರಾಕರಿಸಲು ಯಾವ ನ್ಯಾಯಸಮ್ಮತ ಕಾರಣವೂ ಇಲ್ಲ.